ನೆರೆ ಬಂದ ಮನೆಗೆ ಸುಣ್ಣ

"ಅಲ್ಲಾ ರೀ, ಇಷ್ಟು ವರ್ಷ ಗೋಗರೆದ್ರೂ ಬಳಿಯದ ಸುಣ್ಣಾನ ಇವತ್ತೇ ಬಳೀಬೇಕಿತ್ತಾ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕಸುಬಿನಲ್ಲಿ ಪೇಂಟರಾದ ಗಂಡ ಕುಂಚ ಹಿಡಿದು ನಿಂತಿದ್ದ. ಗೋಡೆ ಹಾಲಲ್ಲಿ ತೊಳೆದಂತಿತ್ತು. ತೊಂದರೆಯೇ ಅದು. ನೆರೆಯ ನೀರು ಬಾಗಿಲನ್ನೂ ಹಾಸಿಗೆಗಳನ್ನೂ ಹೊತ್ತುಕೊಂಡು ಹೋಗಿ, ಗೋಡೆಯ ಮೇಲೆ ಕೆಸರಿನ ಗೆರೆಯೊಂದನ್ನು ಮಾತ್ರ ಬಿಟ್ಟಿತ್ತು. ಸರ್ಕಾರದ ಸಾಹೇಬರು ಮನೆಮನೆಗೆ ಬಂದು ಆ ಗೆರೆ ನೋಡಿಯೇ ಪರಿಹಾರ ಬರೆಯುತ್ತಿದ್ದರು.

ಗಂಡ: ಸಾಹೇಬರು ಬರ್ತಾರೆ ಅಂದ್ರು. ಪೇಂಟರ್ ಮನೆ ಗೋಡೆ ಹೀಗಾ ಅಂತ ನಕ್ಕರೆ ನನ್ನ ಮರ್ಯಾದೆ ಏನಾಗಬೇಕು?

ಹೆಂಡತಿ: ಬಾಗಿಲ ಜಾಗದಲ್ಲಿ ದುಪ್ಪಟಿ ನೇತಾಡ್ತಿದೆ. ನಿಮ್ಮ ಮರ್ಯಾದೆ ಅದರಲ್ಲೇ ಗಾಳಿಗೆ ಹಾರ್ತಿದೆ.

ಗಂಡ: ಕೆಲಸ ನೋಡು. ಒಂದು ಮೂಲೆ ಬಿಟ್ಟಿಲ್ಲ.

ಹೆಂಡತಿ: ಬಿಟ್ಟಿದ್ರೆ ಬದುಕ್ಕೊಳ್ತಿದ್ವಿ.

ಗಂಡನಿಗೆ ಉಪಾಯ ಹೊಳೆಯಿತು. ತನಗೆ ಉಪಾಯ ಹೊಳೆದಾಗಲೆಲ್ಲ ಮನೆಗೆ ನಷ್ಟವೇ ಆಗಿದೆ ಎಂಬುದು ಅವನಿಗೂ ಗೊತ್ತಿತ್ತು. ಆದರೂ ಅಂಗಳದ ಕೆಸರಿಗೆ ಕುಂಚ ಅದ್ದಿ, ಗೋಡೆಗೆ ಗೆರೆ ಎಳೆಯತೊಡಗಿದ.

ಹೆಂಡತಿ: ಮೊಣಕಾಲೆತ್ತರಕ್ಕೆ ಯಾಕೆ? ನೀರು ನಿಮ್ಮ ಕುತ್ತಿಗೆಗೆ ಬಂದಿತ್ತಲ್ಲ.

ಗಂಡ: ಜಾಸ್ತಿ ಎಳೆದ್ರೆ ಸುಳ್ಳು ಅಂತಾರೆ.

ಹೆಂಡತಿ: ನಿಜಾನೂ ಚೌಕಾಸಿ ಮಾಡೋ ಗಂಡಸನ್ನ ಇವತ್ತೇ ನೋಡಿದ್ದು.

ದುಪ್ಪಟಿ ಸರಿಯಿತು. ಸಾಹೇಬರು ಒಳಗೆ ಬಂದರು.

ಸಾಹೇಬ: ಏನ್ರೀ ಇದು?

ಗಂಡ: ನೀರಿನ ಗುರುತು ಸಾರ್.

ಸಾಹೇಬ: ಇನ್ನೂ ತೊಟ್ಟಿಕ್ಕುತ್ತಿದೆ.

ಗಂಡ: ನೀರಲ್ವಾ ಸಾರ್.

ಸಾಹೇಬ: ಬೀದೀಲೆಲ್ಲ ಕುತ್ತಿಗೆಮಟ್ಟ ಬಂದ ನೀರು, ನಿಮ್ಮನೆಗೆ ಮಾತ್ರ ಬಗ್ಗಿಕೊಂಡು ಬಂತಾ?

ಗಂಡ ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕೆಸರು ಮೆತ್ತಿ ಅಂಗಿಯೂ ಹಾಳಾಯಿತು. ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

ಹೆಂಡತಿ: ಒಂದು ನಿಮಿಷ ಸಾರ್. ರೀ, ಬೀರು ಹಿಂದೆ ಬಳಿದ್ರಾ?

ಗಂಡ: ಬಳೀದೆ ಇರ್ತೀನಾ? ಇಷ್ಟು ವರ್ಷದ ಕಸುಬು.

ಹೆಂಡತಿ: ನಿಜ ಹೇಳಿ.

ಗಂಡ: ಬೇರೆಯವರ ಮುಂದೆ ಕಸುಬಿನ ಮಾತೆತ್ತಬೇಡ.

ಅವಳು ಬೆನ್ನು ಕೊಟ್ಟು ಬೀರುವನ್ನು ನೂಕಿದಳು. ಅದರ ಹಿಂದಿನ ಗೋಡೆ ಸುಣ್ಣದ ಮುಖವನ್ನೇ ಕಂಡಿರಲಿಲ್ಲ. ಗಂಡನ ಕುತ್ತಿಗೆಯೆತ್ತರಕ್ಕೆ ಕೆಸರಿನ ಗೆರೆ ಹಾಗೇ ಇತ್ತು, ಅಂಟಿಕೊಂಡ ಕಸಕಡ್ಡಿಯ ಸಮೇತ. ಸಾಹೇಬರ ಪೆನ್ನು ಮತ್ತೆ ಜೇಬಿನಿಂದ ಹೊರಬಂತು.

ಸಾಹೇಬ: ಸರಿ. ಬಾಗಿಲು, ಹಾಸಿಗೆ ಎರಡಕ್ಕೂ ಬರೆದಿದ್ದೀನಿ.

ಗಂಡ: ಮುಂದಾಲೋಚನೆ ಮಾಡಿಯೇ ಬಿಟ್ಟಿದ್ದೆ ಸಾರ್.

ಹೆಂಡತಿ: ಹೌದು ಸಾರ್. ಮಂಚದ ಹಿಂದೆ, ಡಬ್ಬಿಗಳ ಹಿಂದೆ, ಮದುವೆಯಾದಾಗಿಂದ ಎಲ್ಲ ಕಡೆ ಇವರ ಮುಂದಾಲೋಚನೆ ಇದೆ.

ಹೊಸ್ತಿಲು ದಾಟುತ್ತಿದ್ದ ಸಾಹೇಬರು ತಿರುಗಿ ನಿಂತು, ಪೇಂಟರ್ ಮುಖವನ್ನೇ ದಿಟ್ಟಿಸಿದರು.

ಸಾಹೇಬ: ಹೋದ ವರ್ಷ ನಮ್ಮನೆಗೆ ಸುಣ್ಣ ಬಳಿದದ್ದು ನೀವೇ ಅಲ್ವಾ? ಇವತ್ತು ಹೋದವನೇ ನಮ್ಮ ಬೀರು ಸರಿಸಿ ನೋಡ್ತೀನಿ.

ಗಂಡ: ಬೇಡ ಸಾರ್, ಸೊಂಟ ಹಿಡ್ಕೊಳ್ಳುತ್ತೆ. ಆ ಬೀರು ತುಂಬಾ ಭಾರ.