ಕೈದಿಗಿರುವ ಹಾಡು ಗಂಡನಿಗಿಲ್ಲ

ಈ ಲೋಕದಲ್ಲಿ ಸಂಗೀತಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಆದರೆ ಅದನ್ನು ಪಡೆಯಬೇಕಾದರೆ ಮೊದಲು ಜೈಲಿಗೆ ಹೋಗಿರಬೇಕು. ದೊಡ್ಡಬಳ್ಳಾಪುರದಲ್ಲಿ ಮರ್ಯಾದೆಯಾಗಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಮನೆಗೆ ಬಂದು, ತಟ್ಟೆಗೆ ಬಿದ್ದದ್ದನ್ನು ತೆಪ್ಪಗೆ ಉಂಡೇಳುವ ಗಂಡಸು ಬಾಯಿ ತೆರೆದರೆ ಅದಕ್ಕೆ ಗಲಾಟೆ ಎನ್ನುತ್ತಾರೆ.

ಹೋದ ತಿಂಗಳು ಒಂದು ಭಾನುವಾರ ಟಿವಿಯಲ್ಲಿ ಒಂದು ಸಿನಿಮಾ ಬಂತು. ಜೈಲಿನ ಕೈದಿಗಳು ಮೂಲೆಯಲ್ಲಿ ಬಿದ್ದಿದ್ದ ಹಳೇ ಹಾರ್ಮೋನಿಯಂ ಒರೆಸಿ, ಹಾಡು ಕಲಿತು, ಬದುಕಿನ ಮೇಲೆ ಮತ್ತೆ ಆಸೆ ಇಟ್ಟುಕೊಳ್ಳುವ ಕಥೆ. ನನ್ನ ಹೆಂಡತಿ ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡೇ ನೋಡಿದಳು.

“ಪಾಪ ರೀ, ಎಷ್ಟ್ ಚೆನ್ನಾಗ್ ಹಾಡ್ತಾನೆ!”

“ಲೇ, ಅವನು ಕೊಲೆ ಮಾಡಿ ಬಂದಿರೋನು ಕಣೇ.”

“ಮಾಡಿದ್ರೆ ಮಾಡ್ಲಿ ಬಿಡಿ. ಶ್ರುತೀಲಿ ಹಾಡ್ತಾನಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ನನ್ನ ಹಾರ್ಮೋನಿಯಂ ಆ ಹೊತ್ತಿಗೆ ಅಟ್ಟದ ಮೇಲೆ, ಒಡೆದ ಮಿಕ್ಸಿಯ ಪಕ್ಕದಲ್ಲಿತ್ತು. ಅದನ್ನು ಅಲ್ಲಿಗೆ ಏರಿಸಿದವಳು ಇದೇ ಸರೋಜ. ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಹುಡುಗಾಟವಲ್ಲ. ರಾಜನಾದವನು ಸಿಟ್ಟು ಬಂದರೂ ಹಾಡಬೇಕು, ಬಾಣ ತಗುಲಿದರೂ ಹಾಡಬೇಕು, ಜನ ಕೂಗಿದರೆ ಸತ್ತವನು ಎದ್ದು ಕೂತು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು. ಈ ಸಲ ನಮ್ಮೂರ ನಾಟಕದಲ್ಲಿ ರಾಜನ ಪಾತ್ರ ನನ್ನದು. ಹುಡುಗನಾಗಿದ್ದಾಗಿನಿಂದ ಆ ಕಿರೀಟಕ್ಕೆ ಆಸೆಪಟ್ಟವನು ನಾನು. ನಾಟಕ ಕಲಿಸುವ ಮೇಷ್ಟ್ರು ಮಾತ್ರ, “ಸಾಯೋ ಹಾಡು ಸರಿಯಾಗಿ ಬರ್ಲಿಲ್ಲ ಅಂದ್ರೆ ಪಾತ್ರ ಬೇರೆಯವರಿಗೆ ಕೊಟ್ಬಿಡ್ತೀನಿ ಕಣಪ್ಪ” ಎಂದಿದ್ದರು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಎದುರುಮನೆಯ ಮಗು ಬೆಚ್ಚಿಬಿದ್ದು ಅತ್ತಿತಂತೆ. ಮಕ್ಕಳು ಅಳುವುದಿಲ್ಲವೇ? ಅದಕ್ಕೂ ನಾನೇ ಕಾರಣವೇ?

ಸಿನಿಮಾ ಮುಗಿದದ್ದೇ ತಡ, ಸ್ಟೂಲು ಹತ್ತಿ ಹಾರ್ಮೋನಿಯಂ ಕೆಳಗಿಳಿಸಿದೆ. “ಜೈಲರೇ ಹಾಡೋಕೆ ಬಿಟ್ಟ. ಅಷ್ಟೂ ಕರುಣೆ ಇಲ್ವಾ ನಿಂಗೆ?” ಎಂದು ಗುಡುಗಿದೆ.

“ಅಲ್ಲಿ ಕೇಳ್ತಾ ಕೂತಿದ್ದೋರಿಗೂ ಶಿಕ್ಷೆ ಆಗಿತ್ತು ರೀ. ನಾನೇನ್ ತಪ್ ಮಾಡಿದೀನಿ?”

ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಉಣ್ಣದೆ ಮಲಗಿದೆ. ನನ್ನ ಪಾಲಿನ ಮುದ್ದೆಯನ್ನು ಅವಳು ಎಮ್ಮೆಗೆ ಹಾಕಿದಳು, ಒಂದು ಸಲವೂ ಕರೆಯಲಿಲ್ಲ.

ಕೊನೆಗೆ ದಾರಿ ತೋರಿಸಿದವನು ನನ್ನ ಬಾಮೈದ. ಅವನದು ಪವರ್‌ಲೂಮ್ ಶೆಡ್ಡು. “ಭಾವ, ನಮ್ ಶೆಡ್ಡಿಗ್ ಬನ್ನಿ. ಮಗ್ಗ ಓಡ್ತಾ ಇದ್ರೆ ಪಕ್ಕದಲ್ಲಿ ಬಾಂಬ್ ಬಿದ್ರೂ ಕೇಳಲ್ಲ” ಎಂದ. ಅದರಲ್ಲಿ ಅಡಗಿದ್ದ ಅವಮಾನವನ್ನು ನುಂಗಿಕೊಂಡು ಮಾರನೆಯ ದಿನವೇ ಹೋದೆ. ಖಟಖಟ ಸದ್ದಿನ ನಡುವೆ, ನೂಲಿನ ಮೂಟೆಗೆ ಒರಗಿ ಹಾಡಿದೆ. ಆಹಾ! ತಡೆಯುವವರಿಲ್ಲ, ಕಿವಿ ಮುಚ್ಚಿಕೊಳ್ಳುವವರಿಲ್ಲ. ನನಗೂ ಏನೂ ಕೇಳಿಸುತ್ತಿರಲಿಲ್ಲ, ಆದರೆ ಅದ್ಭುತವಾಗಿ ಹಾಡುತ್ತಿದ್ದೇನೆ ಎನ್ನುವುದರಲ್ಲಿ ಸಂಶಯವಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಸಾಯುವ ಹಾಡನ್ನು ಪೂರ್ತಿ ಪಳಗಿಸಿಬಿಟ್ಟೆ ಎಂದುಕೊಂಡೆ. ಆ ಸಂಜೆಯೇ ಮೇಷ್ಟ್ರ ಮುಂದೆ ಹಾಡಿ ತೋರಿಸಿ ಪಾತ್ರ ಗಟ್ಟಿ ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ.

ಹೊರಡುವ ಮುಂಚೆ ಕೊನೆಯ ಸಲ ಹಾಡಲು ಕೂತೆ. ಬಾಣ ತಗುಲಿತು, ಎದೆ ಹಿಡಿದುಕೊಂಡೆ, ಸ್ವರವನ್ನು ಮೇಲಕ್ಕೆ ಎಳೆದೆ. ಆಗ ಕರೆಂಟ್ ಹೋಯಿತು. ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತವು. ಯಾರೋ ಕಿರುಚಿಕೊಂಡಂತಾಗಿ ಗಾಬರಿಯಿಂದ ನಾನೂ ತಿರುಗಿ ನೋಡಿದೆ.

ನೂಲು ಸುತ್ತುತ್ತಿದ್ದ ಹೆಂಗಸು ನೀರಿನ ಚೊಂಬು ಹಿಡಿದು ಓಡಿಬಂದಳು. “ಅಯ್ಯೋ ಅಣ್ಣಾ! ಮಗ್ಗದ್ ಬೆಲ್ಟಿಗೆ ಕೈ ಸಿಕ್ಕಾಕ್ಕೊಂತಾ? ಎಲ್ಲಿ, ತೋರ್ಸಿ!”

ಎರಡೂ ಕೈ ತೋರಿಸಿದೆ. ನೀರು ಕುಡಿದೆ. ಮೇಷ್ಟ್ರ ಮನೆಗೆ ಹೋಗಲಿಲ್ಲ. ಕರೆಂಟ್ ಆಫೀಸಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಉಗಿದೆ. ಹೇಳದೆ ಕೇಳದೆ ಹೀಗೆ ಕರೆಂಟ್ ತೆಗೆದರೆ, ಒಬ್ಬ ಕಲಾವಿದನ ಗತಿ ಏನು ಸ್ವಾಮಿ?