ಅಬ್ಬಾ ಕಿವಿಯಲ್ಲಿ ಹೇಳಿದ ವಿಜ್ಞಾನ

ಇಂಡಿ ಊರಿನ ನಮ್ಮ ಓಣಿಯಲ್ಲಿ ನನಗೊಂದು ದೊಡ್ಡ ಹೆಸರಿದೆ. ಅದರಲ್ಲಿ ಅರ್ಧ ನನ್ನದಲ್ಲ. ಅರ್ಧ ಎಂದದ್ದೂ ನನ್ನ ಕಡೆಗೆ ತುಸು ತೂಕ ಹಾಕಿಯೇ. "ಸೈನ್ಸಿನವ್ರಿಗೇ ಸೈನ್ಸ್ ಹೇಳಿಕೊಟ್ಟು ಬಂದಾಕಿ" ಎಂದು ಜನ ನನ್ನನ್ನು ಬೊಟ್ಟು ಮಾಡಿ ತೋರಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ಕಾಕು ತಮ್ಮ ಮಿಕ್ಸರ್ ಯಾಕೆ ಗುರುಗುಡುತ್ತದೆ ಎಂದು ನನ್ನನ್ನು ಕೇಳಿದರು. ನಾನು ಓದುತ್ತಿರುವುದು ಎಂ.ಎ. ಕನ್ನಡ. ಮಿಕ್ಸರಿನ ಬಗ್ಗೆ ನನಗೆ ಗೊತ್ತಿರುವುದು ಅದರ ಮುಚ್ಚಳ ಗಟ್ಟಿಯಾಗಿ ಹಿಡಿಯಬೇಕು ಎಂಬುದೊಂದೇ. ಆದರೂ ಗಂಭೀರವಾಗಿ ತಲೆಯಾಡಿಸಿ, "ನೋಡಬೇಕ್ರಿ" ಎಂದೆ. ಹೊಗಳಿಕೆ ಬೇರೆಯವರ ಪಾಲಿನದಾದರೂ ತಿನ್ನಲು ರುಚಿಯಾಗಿಯೇ ಇರುತ್ತದೆ. ಎಂಟು ತಿಂಗಳು ತಿಂದೆ. ಇನ್ನು ಹೊಟ್ಟೆ ತಡೆಯುವುದಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನ ಅಪ್ಪ, ಅಬ್ಬಾ, ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ನಿಂಬೆ ತೋಟದವರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ಅಂಗಡಿಯ ಮುಂದೆ ಇಳಿಸುತ್ತಾರೆ. ಅಬ್ಬಾ ಅದನ್ನು ಬಿಚ್ಚುವುದಕ್ಕೂ ಮೊದಲು ಒಮ್ಮೆ ಮೂಸಿ, "ಮೂರ ಫೇಸಿನ ಮೋಟಾರ್ ಎರಡ ಫೇಸಿನ್ಯಾಗ ಓಡಿಸೀರಿ, ಹೌದಿಲ್ರಿ?" ಎನ್ನುತ್ತಾರೆ. ಬಂದವರು ಕಳ್ಳತನ ಸಿಕ್ಕಿಬಿದ್ದಂತೆ ನೆಲ ನೋಡುತ್ತಾರೆ. ಇಷ್ಟಾಗಿ ಅಬ್ಬಾ ಓದಿದ್ದು ನಾಲ್ಕನೇ ಇಯತ್ತೆ. ಮಗಳು ಸೈನ್ಸ್ ಓದಲಿ ಎಂಬುದು ಅವರ ಆಸೆಯಾಗಿತ್ತು. ಪಿಯುಸಿಯಲ್ಲಿ ಓದಿಯೂ ಓದಿದೆ. ಭೌತಶಾಸ್ತ್ರಕ್ಕೆ ನನ್ನ ಮೇಲೆ ಏನು ಸಿಟ್ಟಿತ್ತೋ ಕಾಣೆ, ಎರಡು ಸಲ ನನ್ನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿತು. ಕೊನೆಗೊಮ್ಮೆ ಹೇಗೋ ದಾಟಿದವಳೇ ಅಬ್ಬಾನ ಮುಂದೆ ನಿಂತು, "ನಾ ಇನ್ನ ಕನ್ನಡಾ ಓದ್ತೇನಿ. ಸಾಹಿತ್ಯದಾಗ ಎಲ್ಲಾ ಐತಿ" ಎಂದೆ. ಆ 'ಎಲ್ಲಾ' ಎಂಬ ಮಾತಿಗೆ ಆಮೇಲೆ ಬಹಳ ಪಶ್ಚಾತ್ತಾಪಪಟ್ಟಿದ್ದೇನೆ.

ಬಿ.ಎ. ಮುಗಿಸಿ ಎಂ.ಎ.ಗೂ ಕನ್ನಡವನ್ನೇ ಹಿಡಿದ ಸುದ್ದಿ ತಿಳಿದು ಚಡಚಣದ ಮಾಮು ಓಡಿ ಬಂದರು. ಅವರು ಅಮ್ಮಿಯ ಅಣ್ಣ, ದ್ರಾಕ್ಷಿ ವ್ಯಾಪಾರಿ, ಎಲ್ಲರ ಮಕ್ಕಳ ಭವಿಷ್ಯವನ್ನೂ ತಾವೇ ಗುತ್ತಿಗೆ ಹಿಡಿದವರು. "ಮನ್ಯಾಗ ಮಾತಾಡೂದ ಕನ್ನಡಾ. ಅದನ್ನ ಕಲಿಯಾಕ ಮತ್ಯಾಕ ಎಂ.ಎ.?" ಎಂದು ಚಹದ ಕಪ್ಪುಬಸಿ ಕುಕ್ಕಿದರು. ಅಬ್ಬಾ ತಾಮ್ರದ ತಂತಿ ಸುತ್ತುತ್ತಲೇ, "ಮನ್ಯಾಗ ಲೈಟ್ ಹತ್ತತಾವಂತ ಎಲ್ಲಾರಿಗೂ ಮೋಟಾರ್ ಕಟ್ಟಾಕ ಬರ್ತದೇನ್ ಭಾಯಿ?" ಎಂದರು. ಮಾಮು ಚಹಾ ಪೂರ್ತಿ ಕುಡಿಯದೆ ಎದ್ದರು. ಅಂದಿನಿಂದ ನನ್ನ ಹೆಗಲ ಮೇಲೆ ಒಂದು ಭಾರ ಕೂತಿತು. ಮಾಮುವಿನ ಮುಂದೆ ಅಬ್ಬಾ ನನ್ನ ಪರವಾಗಿ ಮಾತಾಡಿದ್ದಾರೆ, ಅವರ ಮಾತು ಮಣ್ಣುಪಾಲಾಗಬಾರದು.

ಅಂಥದರಲ್ಲಿ ಒಂದು ದಿನ ನಾನು ಎಂ.ಎ. ಪರೀಕ್ಷೆಯ ಅರ್ಜಿ ಕೊಡಲು, ಅಬ್ಬಾ ತಂತಿ ತರಲು ಒಟ್ಟಿಗೇ ದೊಡ್ಡ ಊರಿಗೆ ಹೋದೆವು. ತಿರುಗಿ ಬರುವ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಬಸ್ ನಿಲ್ದಾಣದ ಎದುರಿಗೇ ವಿಜ್ಞಾನ ವಸ್ತುಸಂಗ್ರಹಾಲಯ. "ನಡಿ ಬೇಟಾ, ನೋಡೂಣು. ನೀ ಓದಿದಾಕಿ, ತಿಳಿಸಿ ಹೇಳ್ತಿ" ಎಂದು ಅಬ್ಬಾ ಹುಮ್ಮಸ್ಸಿನಿಂದ ಹೊರಟರು. ನಾನು ಕಾಲೆಳೆಯುತ್ತ ಹಿಂದೆ ನಡೆದೆ. ಒಳಗೆ ಮೊದಲಿಗೇ ಎತ್ತರದಿಂದ ಇಳಿಬಿಟ್ಟ ದೊಡ್ಡ ಲೋಲಕ. "ಇದೇನು?" ಎಂದರು. "ಮನುಷ್ಯನ ಮನಸ್ಸಿನ ಹಂಗ ಅಬ್ಬಾ, ಅತ್ತಾಗೊಮ್ಮೆ ಇತ್ತಾಗೊಮ್ಮೆ" ಎಂದೆ. ಅಬ್ಬಾ ಭಕ್ತಿಯಿಂದ ಕೇಳಿ, "ಹೌದ ಹೌದು. ಮತ್ತ ಎರಡೂ ಕಡಿ ಹೋಗಾಕ ಸರಿಸಮ ಹೊತ್ತ ಯಾಕ ಹಿಡೀತೈತಿ?" ಎಂದರು. ನಾನು ಅವಸರದಿಂದ ಡೊಂಕು ಕನ್ನಡಿಗಳ ಕಡೆಗೆ ನಡೆದೆ.

ಮುಂದೆ ಗಾಳಿಯ ಮೇಲೆ ಚೆಂಡು ತೇಲುತ್ತಿತ್ತು. ನಾನು ಅದಕ್ಕೊಂದು ಉಪಮೆ ಹುಡುಕುವಷ್ಟರಲ್ಲಿ ಅಬ್ಬಾ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು, ಕೆಳಗೆ ಗಾಳಿ ಊದುವ ಡಬ್ಬಿಗೆ ಅದರ ತುದಿ ಆನಿಸಿ, ಹಿಡಿಕೆಗೆ ಕಿವಿಯಿಟ್ಟು, ಕಣ್ಣುಮುಚ್ಚಿ ಕೂತುಬಿಟ್ಟರು. ಅಂಗಡಿಯಲ್ಲಿ ಅವರು ಮೋಟಾರಿನ ನಾಡಿ ನೋಡುವುದು ಹೀಗೆಯೇ. ಆದರೆ ಇದು ಅಂಗಡಿಯಲ್ಲವಲ್ಲ! ನೋಡಿಕೊಳ್ಳುವ ಸಿಬ್ಬಂದಿಯೊಬ್ಬರು ಓಡಿ ಬಂದರು. "ಕಾಕಾ, ಏನ್ ಮಾಡಾಕತ್ತೀರಿ?" ಅಬ್ಬಾ ಕಣ್ಣು ತೆರೆಯದೆ, "ಒಳಗ ಬೇರಿಂಗ್ ಅಳಾಕತ್ತೈತ್ರೀ, ಒಂದೀಟು ಗ್ರೀಸ್ ಹಚ್ರಿ" ಎಂದರು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಹಾಗೆ ಇಳಿಯುತ್ತಿರುವಾಗಲೇ, ಇಲ್ಲಿಗೆ ಬಂದ ಮೇಲೆ ಹುಟ್ಟಿದ ಒಳ್ಳೆಯ ಸಾಲು ಇದೊಂದೇ, ಅದೂ ನನ್ನದಲ್ಲ ಎಂದೂ ಅನಿಸಿತು.

ನಿಜವಾದ ಪರೀಕ್ಷೆ ಕಾದಿದ್ದು ಕೊನೆಯ ಕೋಣೆಯಲ್ಲಿ. ಕೈಯಿಂದ ಹ್ಯಾಂಡಲ್ ತಿರುವಿದರೆ ಬಲ್ಬು ಹತ್ತುವ ಯಂತ್ರ. ಅದರ ಮುಂದೆ ಸಿಂದಗಿ ಕಡೆಯಿಂದ ಬಂದ ಸಾಲಿ ಹುಡುಗಿಯರು, ಅವರ ಮೇಡಂ. ಮೇಲೆ ಬೋರ್ಡು: "ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹದ ಬದಲಾವಣೆಯಿಂದ ವಿದ್ಯುಚ್ಚಾಲಕ ಬಲವು ಪ್ರೇರಿತವಾಗುತ್ತದೆ." ಎರಡು ಜಡೆಯ ಹುಡುಗಿಯೊಬ್ಬಳು, "ಹಂಗಂದ್ರ ಏನ್ರೀ ಮೇಡಂ?" ಎಂದಳು. ಮೇಡಂ, "ನಾ ಸಮಾಜ ವಿಜ್ಞಾನದಾಕಿ ಇದ್ದೇನವ್ವಾ, ಸೈನ್ಸ್ ಸರ್ ಬರಲಿಲ್ಲ" ಎಂದು ಕೈಚೆಲ್ಲಿದರು. ಆಗ ನನ್ನ ಬೆನ್ನ ಹಿಂದಿನಿಂದ ಧ್ವನಿ ಬಂತು. "ನನ್ನ ಮಗಳು ಕನ್ನಡಾ ಎಂ.ಎ. ಮಾಡಾಕತ್ತಾಳ್ರಿ. ಅದು ಕನ್ನಡದಾಗ ಐತೆಲ್ಲ, ಆಕಿ ಬಿಡಿಸಿ ಹೇಳ್ತಾಳ!"

ಎಲ್ಲ ಜಡೆಗಳೂ ನನ್ನ ಕಡೆ ತಿರುಗಿದವು. ಬೋರ್ಡನ್ನು ಮೂರು ಸಲ ಓದಿದೆ. ಹಳಗನ್ನಡ ಬಿಡಿಸಿದವಳು ನಾನು, ಸುಳ್ಳಲ್ಲ, ಆದರೆ ಈ ಹೊಸಗನ್ನಡ ನನಗೆ ಬಾಗಿಲೇ ತೆರೆಯಲಿಲ್ಲ. ಅಬ್ಬಾನ ಮುಖ ನೋಡಿದೆ. ಈದ್ ಹಬ್ಬದ ಚಂದ್ರನನ್ನು ಕಂಡವರ ಹಾಗೆ ಹಿಗ್ಗಿನಿಂದ ನಿಂತಿದ್ದರು. ಇವರನ್ನು ಇಲ್ಲಿ ಇಷ್ಟು ಜನರ ಮುಂದೆ ಸೋಲಿಸಿದರೆ ಮಾಮು ಗೆದ್ದಂತೆಯೇ. ಮೆಲ್ಲಗೆ ಪಕ್ಕಕ್ಕೆ ಸರಿದು, "ಅಬ್ಬಾ, ಇದು ಏನು?" ಎಂದು ಪಿಸುಗುಟ್ಟಿದೆ. ಅಬ್ಬಾಗೆ ಆಶ್ಚರ್ಯವೇ ಆಗಲಿಲ್ಲ. ಬಗ್ಗಿ ನನ್ನ ಕಿವಿಯಲ್ಲಿ, "ನಮ್ಮ ಅಂಗಡಿ ಸಾಮಾನ ಬೇಟಾ. ತಂತಿ ಸುರುಳಿ ಮಗ್ಗಲದಾಗ ಸೂಜಿಗಲ್ಲು ತಿರಗಿದ್ರ ತಂತಿಯಾಗ ಕರೆಂಟ್ ಏಳತೈತಿ. ನಿಂತ್ರ ನಿಲ್ತೈತಿ" ಎಂದರು. ಅದನ್ನೇ ನಾನು ಗಂಟಲು ಸರಿಮಾಡಿಕೊಂಡು ದೊಡ್ಡದಾಗಿ ಹೇಳಿದೆ. ಹುಡುಗಿಯರು "ಓ, ಇಷ್ಟ ಏನು!" ಎಂದರು.

ಎರಡು ಜಡೆಯವಳು ಅಷ್ಟಕ್ಕೆ ಬಿಡುವವಳಲ್ಲ. ಹ್ಯಾಂಡಲ್ ತಿರುವುತ್ತ, "ಅಕ್ಕಾರ, ಬಲ್ಬ್ ಹತ್ತಿದ ಕೂಡ್ಲೆ ಇದು ಬಿಗಿ ಆಗ್ತೈತ್ರಿ, ಯಾಕ?" ಎಂದಳು. ನಾನು ಮತ್ತೆ ಕಿವಿ ಕೊಟ್ಟೆ. "ಬೆಳಕು ಪುಕ್ಕಟೆ ಬರ್ತದೇನು? ಆಕಿ ತಿರವೂ ಜೋರ ಅಲ್ಲಿ ಉರಿಯೂದು" ಎಂದರು ಅಬ್ಬಾ. ನಾನು ಹೇಳಿದೆ: "ಅಲ್ಲಿ ಹತ್ತಿರುವ ಬೆಳಕು ನಿನ್ನ ರಟ್ಟೆಯ ಕಸುವೇ ತಂಗಿ. ಒಬ್ಬರ ತೋಳು ದಣಿಯದೆ ಯಾರ ದೀಪವೂ ಹತ್ತುವುದಿಲ್ಲ." ಹೇಳಿ ಮುಗಿಸಿ ಅಬ್ಬಾನ ತೋಳಿನ ಕಡೆ ನೋಡಿದೆ. ಇಪ್ಪತ್ತು ವರ್ಷ ನನ್ನ ಪುಸ್ತಕದ ಮೇಲೆ ಬಿದ್ದ ಬೆಳಕು ಎಲ್ಲಿಂದ ಬಂತೆಂದು ಈ ಎಂ.ಎ. ಓದುವವಳಿಗೆ ಅಂದು ಹೊಳೆಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಬೇರಿಂಗಿನ ಸಿಬ್ಬಂದಿಯೇ ಬಂದು, "ಇದನ್ನ ಬರದ್ ಕೊಡ್ರಿ, ಬೋರ್ಡಿನ ಬಾಜೂಕ ಹಚ್ತೇವಿ" ಎಂದರು. ಬರೆದುಕೊಟ್ಟೆ. ಕೆಳಗೆ ನನ್ನ ಹೆಸರನ್ನೂ ಬರೆದೆ, ಅಬ್ಬಾ ಪಕ್ಕದಲ್ಲೇ ನಿಂತು ಬರೆಸಿದರು.

ಇಂಡಿಗೆ ಮುಟ್ಟಿದ ಮೇಲೆ ಅಬ್ಬಾ ಅಂಗಡಿಗೆ ಬಂದವರಿಗೆಲ್ಲ ಕಥೆ ಹೇಳಿದರು. ಆ ಕಥೆಯಲ್ಲಿ ಕಿವಿಯೂ ಇಲ್ಲ, ಪಿಸುಮಾತೂ ಇಲ್ಲ. ಚಡಚಣದ ಮಾಮುಗೆ ಫೋನು ಮಾಡಿಯೇ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಕೂತೆ.

ನಿನ್ನೆ ಈ ಪ್ರಬಂಧವನ್ನು ಅಂಗಡಿಯಲ್ಲಿ ಕೂತು ಅಬ್ಬಾಗೆ ಓದಿ ಹೇಳಿದೆ. ತಂತಿ ಸುತ್ತುತ್ತ ಕೇಳಿದರು, ಬೇರಿಂಗಿನ ಮಾತಿಗೆ ನಕ್ಕರು. ಕೊನೆಗೆ, "ಚಲೋ ಬರದೀ. ಆದ್ರ ಆ ಕಿವ್ಯಾಗ ಹೇಳಿದ್ದು ತಗದ ಬಿಡು. ಮಾಮು ಓದ್ತಾನ" ಎಂದರು. "ತಪ್ಪಾಗ್ತದ ಅಬ್ಬಾ, ಸುಳ್ಳು ಬರಿಯಾಕ ಬರಂಗಿಲ್ಲ" ಎಂದು ನಾನು ಸೆಟೆದು ಕೂತೆ. ಅಬ್ಬಾ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಸಾಹಿತ್ಯದಾಗ ಎಲ್ಲಾ ಐತಿ ಅಂದಿದ್ದೆಲ್ಲ ಬೇಟಾ, ಅಪ್ಪಂದೊಂದು ಸಣ್ಣ ಸುಳ್ಳು ಅದರಾಗ ಹಿಡಸಂಗಿಲ್ಲೇನು?"

ಉತ್ತರಕ್ಕೂ ಅಂದಿನಂತೆಯೇ ಬಗ್ಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ. ಅಬ್ಬಾ ನಕ್ಕರು, ಈ ಸಲ ಏನೂ ಹೇಳಿಕೊಡಲಿಲ್ಲ.