ಸ್ಟೀಲ್ ಕಟ್ ಓಟ್ಸ್ ಮತ್ತು ಹೋಟೆಲಿನ ಯಜಮಾನ

ಮೂವತ್ತು ವರ್ಷದಿಂದ ಬಿ.ಸಿ.ರೋಡಿನಲ್ಲಿ ಹೋಟೆಲ್ ನಡೆಸುತ್ತಿದ್ದೇನೆ, ನಗೆಪಾಟಲಾಗುವುದು ನನಗೆ ಹೊಸತಲ್ಲ. ಆದರೆ ಅಲ್ಲಿ ಆಗದ ಫಜೀತಿಯೆಲ್ಲ ಈಚೆಗೆ ಮನೆಯ ಅಡುಗೆಕೋಣೆಯಲ್ಲಿ ಆಗುತ್ತಿದೆ. ಮೂಡಬಿದಿರೆಯ ಡಾಕ್ಟರು ನನ್ನ ಶುಗರ್ ರಿಪೋರ್ಟ್ ನೋಡಿ, "ಮೂರು ತಿಂಗಳು ಕೊಡ್ತೇನೆ. ಇಳಿಯದಿದ್ದರೆ ಇನ್ಸುಲಿನ್" ಎಂದರು. ಸೂಜಿ ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ಬೆಳಿಗ್ಗೆ ಸ್ಟೀಲ್ ಕಟ್ ಓಟ್ಸ್ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಅದನ್ನೂ ನಾನೇ ಬೇಯಿಸುತ್ತೇನೆ ಎಂದು ಅಂದೇ ಹಟ ಹಿಡಿದೆ.

೧. ಮೊದಲ ಗಿರಾಕಿ

ಓಟ್ಸ್ ಎಂದರೆ ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ. ಎರಡು ನಿಮಿಷದ್ದು ಬೇರೆ ಓಟ್ಸಂತೆ. ಈ ಸ್ಟೀಲ್ ಕಟ್ ನುಚ್ಚಿನ ಹಾಗೆ ಗಟ್ಟಿ. ಇಪ್ಪತ್ತು ನಿಮಿಷ ಕುದಿಸಿದರೂ ಹಲ್ಲಿಗೆ ಕಟಕಟ ಎಂದಿತು. ಹೋಟೆಲಿನಲ್ಲಿ ದೋಸೆ ಐದು ನಿಮಿಷ ತಡವಾದರೆ ಹಾರಾಡುವ ನಾನು, ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದೆ. ಹೆಂಡತಿ ಟೀಚರು; ತನಗೂ ಸ್ವಲ್ಪ ಬೇಕೆಂದು ಕಾದು ಕೂತಿದ್ದಳು. ಕೊನೆಗೆ ಬ್ಯಾಗ್ ಹೆಗಲಿಗೆ ಹಾಕಿ ಶಾಲೆಗೆ ಹೊರಟಳು.

"ಗಿರಾಕಿ ಎದ್ದು ಹೋದಳು, ಮಾರಾಯ್ರೇ!" ಎಂದು ಬಾಗಿಲಿನಿಂದಲೇ ಕೂಗಿದಳು.

೨. ಅಮ್ಮನ ಉಪಕಾರ

ಆಮೇಲೆ ಮುಂಚಿನ ದಿನವೇ ನೆನೆಸಿಡಲು ಕಲಿತೆ. ಒಂದು ಬೆಳಿಗ್ಗೆ ಓಟ್ಸ್ ಚೆನ್ನಾಗಿ ಬೆಂದು ಮಂದವಾಗುವ ಹೊತ್ತಿಗೆ ಹೋಟೆಲಿನಿಂದ ಫೋನ್ ಬಂತು. "ಅಮ್ಮಾ, ಇದನ್ನೊಮ್ಮೆ ನೋಡು" ಎಂದು ಅಂಗಳಕ್ಕೆ ಹೋದೆ. ಬಂದು ನೋಡಿದರೆ ಪಾತ್ರೆ ಮುಚ್ಚಳದ ಮೇಲೆ ಬಾಗಿ ಮಲಗಿದೆ! ಜೀವಮಾನವಿಡೀ ಕುಚ್ಚಲಕ್ಕಿ ಅನ್ನ ಬಸಿದ ಅಮ್ಮ ಓಟ್ಸನ್ನೂ ಬಸಿದು, ಬಸಿದ ತೆಳಿನೀರನ್ನು ಪಕ್ಕದ ಮನೆಯ ದನಕ್ಕೆ ಕೊಟ್ಟಾಗಿತ್ತು.

"ಬಸಿಯದಿದ್ದರೆ ಮುದ್ದೆ ಆಗ್ತದೆ ಮಗಾ. ಹೋಟೆಲ್ ಇಟ್ಟವನಿಗೆ ಇಷ್ಟೂ ಗೊತ್ತಿಲ್ವಾ?"

ಉಳಿದದ್ದನ್ನು ಛಲ ಬಿಡದೆ ಅಗಿದು ನುಂಗಿದೆ. ಮರುದಿನದಿಂದ ನಾನು ಒಲೆ ಹಚ್ಚುವ ಮೊದಲೇ ಆ ದನ ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು.

೩. ಭರವಸೆಯ ಪ್ರಶ್ನೆ

ಹೋಟೆಲಿಗೆ ದಿನಾ ಬರುವ ಬಸ್ ಕಂಡಕ್ಟರೊಬ್ಬರಿಗೆ ಸುದ್ದಿ ಮುಟ್ಟಿತು. "ಯಜಮಾನ್ರು ಮನೆಯಲ್ಲೇ ತಿಂದು ಬರ್ತಾರಂತೆ. ಇಲ್ಲಿಯ ತಿಂಡಿ ಮೇಲೆ ನಿಮಗೇ ಭರವಸೆ ಇಲ್ವಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ನನಗೆ ಸಿಟ್ಟೇ ಬಂತು. ಎಣ್ಣೆಯಿಂದ ತೆಗೆದ ಮೊದಲ ಗೋಳಿಬಜೆ, ಬಾಳೆಹಣ್ಣಿನ ಮೊದಲ ಬನ್ಸ್, ಒಂದು ಸೌಟು ಸಿಹಿ ಶೀರ ನನ್ನ ಬಾಯಿಗೆ ಬೀಳದೆ ಯಾವುದೂ ಮೇಜಿಗೆ ಹೋಗುವುದಿಲ್ಲ, ಅದು ಮೂವತ್ತು ವರ್ಷದ ಕ್ರಮ.

"ರುಚಿ ನೋಡದೆ ನಾನು ಯಾವುದನ್ನೂ ಬಡಿಸುವವನಲ್ಲ!" ಎಂದೆ.

"ಓಟ್ಸನ್ನೂ ಹಾಗೆ ಹಟ ಹಿಡಿಯುವ ಮೊದಲೇ ರುಚಿ ನೋಡಬೇಕಿತ್ತು" ಎಂದರು ಕಂಡಕ್ಟರು.

೪. ಮೂರು ತಿಂಗಳ ನಂತರ

ಒಂದು ದಿನವೂ ತಪ್ಪಿಸಿರಲಿಲ್ಲ. ಎದೆಯುಬ್ಬಿಸಿಕೊಂಡೇ ಹೆಂಡತಿಯ ಜೊತೆ ಮೂಡಬಿದಿರೆಗೆ ಹೋದೆ. ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಶುಗರ್ ಇಳಿಯುವುದಿರಲಿ, ಏರಿತ್ತು.

"ಬೆಳಿಗ್ಗೆ ಏನು ತಿನ್ತೀರಿ?"

"ಓಟ್ಸ್ ಮಾತ್ರ. ದೇವರಾಣೆ!"

"ಸುಳ್ಳು ಹೇಳಬೇಡಿ."

ನನಗೆ ಅಳು ಬರುವುದೊಂದು ಬಾಕಿ. ಆಗ ಹೆಂಡತಿ ಬಾಯಿ ಬಿಟ್ಟಳು. "ಸುಳ್ಳಲ್ಲ ಡಾಕ್ಟ್ರೇ. ಇವರು ತಿನ್ನುವುದು ಓಟ್ಸ್ ಮಾತ್ರ. ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್, ಶೀರ ಎಲ್ಲ ಬರೀ ರುಚಿ ನೋಡುವುದು."

ಡಾಕ್ಟರು ಡ್ರಾಯರ್ ಎಳೆದು ಸೂಜಿ ತೆಗೆದರು. ನಾನು ಕುರ್ಚಿ ಬಿಟ್ಟು ಎದ್ದೆ. "ಅಯ್ಯೋ, ಇವತ್ತೇ ಚುಚ್ಚಬೇಕಾ?"

"ಚುಚ್ಚುವುದಲ್ಲ ಯಜಮಾನ್ರೇ, ಕೂತುಕೊಳ್ಳಿ" ಎಂದರು. "ಬರೀ ರುಚಿ ನೋಡುವುದು."